ಪ್ರೋಷಧೋಪವಾಸವೂ ರಕ್ತದೊತ್ತಡದ ಔಷಧವೂ

ಪರ್ವದಿನಗಳಲ್ಲಿ ಉಪವಾಸವನ್ನು ಕೈಗೊಳ್ಳುವ ಶ್ರಾವಕ-ಶ್ರಾವಿಕೆಯರಲ್ಲಿ ಅನೇಕರು ಈಗ ರಕ್ತದೊತ್ತಡಕ್ಕಾಗಿ ನಿತ್ಯವೂ ಮಾತ್ರೆ ಸೇವಿಸುವವರಾಗಿದ್ದಾರೆ. ಇವರಲ್ಲಿ ಕೆಲವರು ವ್ರತದ ದಿನ ಆಹಾರದೊಡನೆ ಮಾತ್ರೆಯನ್ನೂ ತ್ಯಜಿಸುತ್ತಾರೆ. ಕೆಲವರು ಯಾರಿಗೂ ಹೇಳದೆ ನುಂಗಿ, ವ್ರತ ಕೆಟ್ಟಿತೆಂದು ಒಳಗೊಳಗೇ ಕೊರಗುತ್ತಾರೆ. ಮತ್ತೆ ಕೆಲವರು ನೀರಿಲ್ಲದೆ ಒಣಗಂಟಲಿನಲ್ಲಿ ಮಾತ್ರೆಯನ್ನು ಇಳಿಸಿ, ವ್ರತವೂ ಉಳಿಯಿತು ಔಷಧವೂ ಆಯಿತು ಎಂದು ಸಮಾಧಾನಪಡುತ್ತಾರೆ. ಈ ಮೂರು ದಾರಿಗಳಲ್ಲಿ ಒಂದೂ ಶಾಸ್ತ್ರಕ್ಕೆ ಒಪ್ಪುವುದಿಲ್ಲ, ವೈದ್ಯಕ್ಕೂ ಒಪ್ಪುವುದಿಲ್ಲ. ಸಂಕಲ್ಪ ಮಾಡುವುದಕ್ಕೆ ಮೊದಲೇ ಔಷಧದ ವಿಚಾರವನ್ನು ನಿರ್ಣಯಿಸಿಕೊಂಡು, ಔಷಧಕ್ಕೆ ಹೊಂದುವಂತಹ ವ್ರತವನ್ನು ಆರಿಸಿಕೊಳ್ಳುವುದೊಂದೇ ಸರಿಯಾದ ಕ್ರಮ.

ಮೊದಲಿಗೆ ರೋಗದ ಸ್ವರೂಪವನ್ನು ತಿಳಿಯಬೇಕು. ಹೃದಯವು ರಕ್ತವನ್ನು ನೂಕುವಾಗ ನಾಳಗಳ ಗೋಡೆಯ ಮೇಲೆ ಬೀಳುವ ಒತ್ತಡವೇ ರಕ್ತದೊತ್ತಡ. ಬೇರೆ ಬೇರೆ ದಿನಗಳಲ್ಲಿ ಅಳೆದಾಗಲೂ ಅದು ೧೪೦/೯೦ನ್ನು ಮುಟ್ಟುತ್ತಿದ್ದರೆ ಅಥವಾ ಮೀರುತ್ತಿದ್ದರೆ ವೈದ್ಯರು ಅದನ್ನು ಅಧಿಕ ರಕ್ತದೊತ್ತಡವೆನ್ನುತ್ತಾರೆ. ಈ ರೋಗಕ್ಕೆ ನೋವಿಲ್ಲ, ಜ್ವರವಿಲ್ಲ. ವರ್ಷಗಟ್ಟಲೆ ಮೌನವಾಗಿದ್ದು ಒಂದು ದಿನ ಪಾರ್ಶ್ವವಾಯುವಾಗಿ, ಹೃದಯಾಘಾತವಾಗಿ, ಮೂತ್ರಪಿಂಡಗಳ ವೈಫಲ್ಯವಾಗಿ ತೋರಿಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು ೨೦೨೧ರಲ್ಲಿ ಪ್ರಕಟಿಸಿದ ಲೆಕ್ಕದಂತೆ ೩೦ರಿಂದ ೭೯ ವರ್ಷದೊಳಗಿನವರಲ್ಲಿ ಸುಮಾರು ೧೨೮ ಕೋಟಿ ಜನ ಈ ರೋಗವುಳ್ಳವರು. ಅವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ತಮಗೆ ರೋಗವಿದೆಯೆಂಬುದೇ ಗೊತ್ತಿರಲಿಲ್ಲ. ‘ಮಾತ್ರೆ ಬಿಟ್ಟರೂ ನನಗೇನೂ ಆಗಲಿಲ್ಲ’ ಎಂದು ಉಪವಾಸ ಮುಗಿಸಿದವರು ಹೇಳುವ ಮಾತಿಗೆ ಬೆಲೆಯಿಲ್ಲದಿರುವುದು ಇದರಿಂದಲೇ. ಏನಾದರೂ ಆಗುವವರೆಗೆ ಏನೂ ಆಗದಂತೆ ತೋರುವುದೇ ಈ ರೋಗದ ಲಕ್ಷಣ.

ಶಾಸ್ತ್ರದ ನಿಲುವು

ತೀರ್ಥಂಕರಪ್ರಕೃತಿಯ ಬಂಧಕ್ಕೆ ಕಾರಣವಾದ ಷೋಡಶ ಭಾವನೆಗಳಲ್ಲಿ ಏಳನೆಯದು ಶಕ್ತಿತಸ್ತಪ. ಬರಿಯ ತಪವೆಂದು ಹೇಳದೆ ‘ಶಕ್ತಿತಃ’ ಎಂಬ ಪದವನ್ನು ಆಚಾರ್ಯರು ಸೇರಿಸಿರುವುದನ್ನು ಗಮನಿಸಬೇಕು. ಶಕ್ತಿಯಿದ್ದೂ ತಪಸ್ಸನ್ನು ಮಾಡದಿರುವುದು ಎಷ್ಟು ದೋಷವೋ, ಶಕ್ತಿಯನ್ನು ಮೀರಿ ಮಾಡಿ ದೇಹವನ್ನು ಕೆಡಿಸಿಕೊಳ್ಳುವುದೂ ಅಷ್ಟೇ ದೋಷ. ಬಾಹ್ಯ ತಪಸ್ಸು ಅಂತರಂಗ ತಪಸ್ಸಿಗೆ ಸಾಧನ. ಅನಶನದಿಂದ ಸ್ವಾಧ್ಯಾಯ ಧ್ಯಾನಗಳು ಬೆಳೆಯಬೇಕು. ಪಾರ್ಶ್ವವಾಯುವಿನಿಂದ ಮಾತು ಬಿದ್ದುಹೋದವರಿಗೆ ಪಂಚನಮಸ್ಕಾರದ ಉಚ್ಚಾರವೂ ಕಷ್ಟವಾಗುತ್ತದೆ. ಹಾಸಿಗೆ ಹಿಡಿದವರ ಮನಸ್ಸು ವೇದನೆಯಿಂದ ಆರ್ತಧ್ಯಾನದ ಕಡೆಗೆ ಸುಲಭವಾಗಿ ಹರಿಯುತ್ತದೆ.

ಇನ್ನು ಉಪವಾಸದಲ್ಲಿಯೇ ಮೆಟ್ಟಿಲುಗಳಿವೆ ಎಂಬುದನ್ನು ಬಹುಮಂದಿ ಮರೆತಿದ್ದಾರೆ. ಖಾದ್ಯ, ಸ್ವಾದ್ಯ, ಲೇಹ್ಯ, ಪೇಯಗಳೆಂಬ ಚತುರ್ವಿಧ ಆಹಾರವನ್ನೂ ಬಿಡುವುದು ಉಪವಾಸ. ಒಂದೇ ಹೊತ್ತು ಉಣ್ಣುವುದು ಪ್ರೋಷಧ. ಸಪ್ತಮಿಯ ಮಧ್ಯಾಹ್ನದ ಊಟದಿಂದ ನವಮಿಯ ಮಧ್ಯಾಹ್ನದವರೆಗೆ ೧೬ ಯಾಮ, ಎಂದರೆ ೪೮ ಗಂಟೆಗಳ ಕಾಲ ನೀರನ್ನೂ ಮುಟ್ಟದಿರುವುದು ಉತ್ತಮ ಪ್ರೋಷಧೋಪವಾಸ. ವಸುನಂದಿ ಶ್ರಾವಕಾಚಾರದಲ್ಲಿ ಇದರ ಜೊತೆಗೇ, ನೀರೊಂದನ್ನು ಉಳಿಸಿಕೊಂಡು ಉಳಿದ ಆಹಾರವನ್ನು ಬಿಡುವ ಮಧ್ಯಮವನ್ನೂ, ಏಕಭುಕ್ತ ಮೊದಲಾದುವುಗಳಿಂದ ಕೂಡಿದ ಜಘನ್ಯವನ್ನೂ ಹೇಳಿದೆ. ‘ಜಘನ್ಯ’ವೆಂಬುದು ಇಲ್ಲಿ ನಿಂದೆಯ ಮಾತಲ್ಲ, ಪ್ರಮಾಣವನ್ನು ಸೂಚಿಸುವ ಮಾತು. ರೋಗಿಯಾದ ಶ್ರಾವಕನಿಗೆ ಈ ಎರಡು ಮೆಟ್ಟಿಲುಗಳು ಶಾಸ್ತ್ರದಲ್ಲಿಯೇ ಇರುವಾಗ ಮೊದಲನೆಯದಕ್ಕೇ ಹಟ ಹಿಡಿಯುವುದರಲ್ಲಿ ವೈರಾಗ್ಯಕ್ಕಿಂತ ಮಾನಕಷಾಯದ ಪಾಲೇ ಹೆಚ್ಚಾಗಿರುವುದುಂಟು. ಪಕ್ಕದ ಮನೆಯವರು ಹತ್ತು ಉಪವಾಸ ಮಾಡಿದರೆಂಬುದು ತನ್ನ ಉಪವಾಸಕ್ಕೆ ಕಾರಣವಾಗಕೂಡದು.

ರಾತ್ರಿಯ ಔಷಧದ ಬಗ್ಗೆಯೂ ಪೂರ್ವಾಚಾರ್ಯರು ಯೋಚಿಸಿದ್ದಾರೆ. ೧೩ನೆಯ ಶತಮಾನದ ಪಂಡಿತ ಆಶಾಧರರು ಸಾಗಾರಧರ್ಮಾಮೃತದಲ್ಲಿ, ಹಗಲಿನಲ್ಲಿಯೇ ಭೋಜನ ಮಾಡಬೇಕೆಂದು ಪಾಕ್ಷಿಕ ಶ್ರಾವಕನಿಗೆ ವಿಧಿಸಿ, ನೀರು ಔಷಧ ಮುಂತಾದುವುಗಳ ಮಟ್ಟಿಗೆ ರಾತ್ರಿಯೂ ಅವಕಾಶವನ್ನಿತ್ತಿದ್ದಾರೆ. ಮೇಲಿನ ಪ್ರತಿಮೆಗಳನ್ನು ಸ್ವೀಕರಿಸಿದವರಿಗೆ ನಿಯಮ ಬೇರೆ. ಅವರು ತಮ್ಮ ಗುರುಗಳನ್ನು ಕೇಳಬೇಕು.

ವ್ರತಿಯು ಮಾಯೆ, ಮಿಥ್ಯಾತ್ವ, ನಿದಾನಗಳೆಂಬ ಮೂರು ಶಲ್ಯಗಳಿಲ್ಲದವನಾಗಿರಬೇಕೆಂಬುದು ತತ್ತ್ವಾರ್ಥಸೂತ್ರವನ್ನು ಓದಿದವರೆಲ್ಲ ಬಲ್ಲ ವಿಷಯ. ಮಾತ್ರೆ ನುಂಗಿದೆನೆಂದು ಮಗನಿಗೆ ಹೇಳಿ ಅದನ್ನು ಸೆರಗಿನಲ್ಲಿ ಕಟ್ಟಿಕೊಳ್ಳುವ ತಾಯಿಯ ನಡೆ ಮಾಯಾಶಲ್ಯವಲ್ಲದೆ ಬೇರೇನು? ಉಪವಾಸ ಮಾಡುತ್ತೇನೆಂದು ವೈದ್ಯರಿಗೆ ಹೇಳದೆ ಮುಚ್ಚಿಡುವುದೂ ಅದೇ ಜಾತಿಯದು. ವೈದ್ಯರು ಅನ್ಯಧರ್ಮೀಯರಾದರೆ ಹಾಸ್ಯ ಮಾಡಿಯಾರೆಂಬ ಸಂಕೋಚ ಕೆಲವರಿಗಿದೆ. ಹಾಸ್ಯ ಮಾಡಿದರೂ ಹೇಳಲೇಬೇಕು.

ಸಮಂತಭದ್ರಾಚಾರ್ಯರ ಪ್ರಸಂಗ

ಈ ವಿಷಯದಲ್ಲಿ ಸ್ವಾಮಿ ಸಮಂತಭದ್ರರ ಕಥೆಗಿಂತ ಸ್ಪಷ್ಟವಾದ ದೃಷ್ಟಾಂತ ಬೇರೊಂದಿಲ್ಲ. ೧೯ನೆಯ ಶತಮಾನದ ದೇವಚಂದ್ರನ ರಾಜಾವಳೀಕಥೆಯೂ ಅದಕ್ಕಿಂತ ಹಿಂದಿನ ಕಥಾಕೋಶಗಳೂ ಇದನ್ನು ಹೇಳುತ್ತವೆ. ವಿವರಗಳಲ್ಲಿ ಸ್ವಲ್ಪ ಸ್ವಲ್ಪ ಭೇದವುಂಟು. ಮುನಿಯಾಗಿದ್ದ ಸಮಂತಭದ್ರರಿಗೆ ಭಸ್ಮಕವೆಂಬ ವ್ಯಾಧಿ ತಗುಲಿತು. ತಿಂದುದೆಲ್ಲ ಕ್ಷಣದಲ್ಲಿ ಉರಿದುಹೋಗುವ ಈ ರೋಗವನ್ನು ದಿನಕ್ಕೊಮ್ಮೆ ಪಾಣಿಪಾತ್ರದಲ್ಲಿ ಆಹಾರ ತೆಗೆದುಕೊಳ್ಳುವ ಮುನಿಯು ತಾಳಿಕೊಳ್ಳುವುದು ಸಾಧ್ಯವಿರಲಿಲ್ಲ. ಅವರು ಗುರುಗಳಲ್ಲಿ ಸಲ್ಲೇಖನೆಯನ್ನು ಬೇಡಿದರು. ಗುರುಗಳು ಒಪ್ಪಲಿಲ್ಲ. ಇವರಿಂದ ಜಿನಶಾಸನಕ್ಕೆ ಆಗಬೇಕಾದ ಕಾರ್ಯ ಬಹಳವಿದೆಯೆಂದು ತಿಳಿದು, ಮುನಿವೇಷವನ್ನು ಬಿಟ್ಟಾದರೂ ರೋಗವನ್ನು ಶಮನಮಾಡಿಕೊಂಡು ಮತ್ತೆ ದೀಕ್ಷೆಗೆ ಬರಬೇಕೆಂದು ಆಜ್ಞೆ ಮಾಡಿದರು. ಸಮಂತಭದ್ರರು ಹಾಗೆಯೇ ಮಾಡಿದರು.

ರತ್ನಕರಂಡ ಶ್ರಾವಕಾಚಾರದಲ್ಲಿ ಸಲ್ಲೇಖನೆಗೆ ನಿಮಿತ್ತಗಳನ್ನು ಹೇಳುವಾಗ ಇದೇ ಸಮಂತಭದ್ರರು ರೋಗವನ್ನು ಹೆಸರಿಸಿ, ಅದು ಪ್ರತೀಕಾರವಿಲ್ಲದ್ದಾಗಿರಬೇಕೆಂಬ ನಿರ್ಬಂಧವನ್ನು ಇಟ್ಟಿದ್ದಾರೆ. ರಕ್ತದೊತ್ತಡಕ್ಕೆ ಪ್ರತೀಕಾರವಿದೆ. ಅದು ತಾಲ್ಲೂಕು ಆಸ್ಪತ್ರೆಯಲ್ಲಿ ದೊರೆಯುತ್ತದೆ, ದಿನಕ್ಕೊಂದು ಮಾತ್ರೆಯ ರೂಪದಲ್ಲಿರುತ್ತದೆ. ಅದನ್ನು ಬಿಟ್ಟು ಆಪತ್ತು ತಂದುಕೊಳ್ಳುವುದಕ್ಕೆ ಧರ್ಮದ ಹೆಸರನ್ನು ಕೊಡಲಾಗದು.

ಒಂದು ಉದಾಹರಣೆ

ಮಂಡ್ಯ ಜಿಲ್ಲೆಯಲ್ಲಿ ಕಂಬದಹಳ್ಳಿಯ ಬಸದಿಗಳೂ ಮದ್ದೂರು ತಾಲ್ಲೂಕಿನ ಆರೆತಿಪ್ಪೂರೂ ಪ್ರಾಚೀನ ಜೈನಕೇಂದ್ರಗಳಾಗಿದ್ದರೂ ಇಂದು ಜೈನರ ಮನೆಗಳು ವಿರಳ. ಮಳವಳ್ಳಿ ತಾಲ್ಲೂಕಿನ ಪೂರಿಗಾಲಿಯಂತಹ ಗ್ರಾಮದಲ್ಲಿ ವ್ರತವನ್ನಾಚರಿಸುವ ಶ್ರಾವಿಕೆಗೆ ಸಂದೇಹ ಬಂದಾಗ ಕೇಳಲು ತ್ಯಾಗಿಗಳಾಗಲಿ ಪಂಡಿತರಾಗಲಿ ಹತ್ತಿರದಲ್ಲಿರುವುದು ಅಪರೂಪ. ಅಂತಹ ಒಬ್ಬರನ್ನು ಉದಾಹರಣೆಗಾಗಿ ಕಲ್ಪಿಸಿಕೊಳ್ಳಬಹುದು. ಅವರ ವಯಸ್ಸು ೬೨. ಬೆಳಗ್ಗೆ ಟೆಲ್ಮಿಸಾರ್ಟಾನ್ ಮತ್ತು ಹೈಡ್ರೋಕ್ಲೋರೋಥಯಾಜೈಡ್ ಎರಡೂ ಕೂಡಿರುವ ಒಂದು ಮಾತ್ರೆ, ರಾತ್ರಿ ಆಮ್ಲೋಡಿಪಿನ್ ಒಂದು ಮಾತ್ರೆ. ದಶಲಕ್ಷಣ ಪರ್ವದಲ್ಲಿ ಪಂಚಮಿಯಿಂದ ಅನಂತ ಚತುರ್ದಶಿಯವರೆಗೆ ಏಕಾಶನ, ಚತುರ್ದಶಿಯಂದು ನಿರ್ಜಲ ಉಪವಾಸ ಎಂಬುದು ಅವರ ಸಂಕಲ್ಪ.

ಇಲ್ಲಿ ಮೊದಲು ನೋಡಬೇಕಾದದ್ದು ಬೆಳಗಿನ ಮಾತ್ರೆಯನ್ನು. ಅದರಲ್ಲಿರುವ ಹೈಡ್ರೋಕ್ಲೋರೋಥಯಾಜೈಡ್ ಮೂತ್ರವನ್ನು ಹೆಚ್ಚಿಸಿ ದೇಹದ ಉಪ್ಪನ್ನೂ ನೀರನ್ನೂ ಹೊರಹಾಕುವ ಔಷಧ. ನೀರು ಕುಡಿಯದ ದಿನವೂ ಅದು ತನ್ನ ಕೆಲಸ ಮಾಡುತ್ತದೆ. ಒಳಗೆ ಬರುವ ನೀರು ನಿಂತು ಹೊರಗೆ ಹೋಗುವ ನೀರು ನಿಲ್ಲದಿದ್ದರೆ ರಕ್ತದೊತ್ತಡ ಕುಸಿದು, ಎದ್ದು ನಿಂತಾಗ ತಲೆಸುತ್ತಿ ಬೀಳುವ ಸಂಭವವುಂಟು. ರಕ್ತದ ಸೋಡಿಯಂ, ಪೊಟ್ಯಾಸಿಯಂಗಳ ಸಮತೋಲ ತಪ್ಪಬಹುದು. ಟೆಲ್ಮಿಸಾರ್ಟಾನ್, ಲೊಸಾರ್ಟಾನ್, ಎನಲಾಪ್ರಿಲ್, ರಾಮಿಪ್ರಿಲ್‌ಗಳ ಗುಂಪಿನ ಔಷಧಗಳಾದರೋ, ನೀರು ಬತ್ತಿದ ದೇಹದಲ್ಲಿ ಮೂತ್ರಪಿಂಡಗಳಿಗೆ ತೊಂದರೆ ಮಾಡಬಹುದು. ಭಾದ್ರಪದದ ಮಳೆಗಾಲದಲ್ಲಿ ಈ ಅಪಾಯ ಸ್ವಲ್ಪ ಕಡಿಮೆ. ಫಾಲ್ಗುಣದ ಅಷ್ಟಾಹ್ನಿಕದ ಹೊತ್ತಿಗೆ ಬಿಸಿಲೇರಿ ಬೆವರೂ ಸೇರಿಕೊಳ್ಳುವುದರಿಂದ ಹೆಚ್ಚು. ತಮ್ಮ ಮಾತ್ರೆಯಲ್ಲಿ ಮೂತ್ರವರ್ಧಕವಿದೆಯೆಂಬುದು ಅನೇಕರಿಗೆ ತಿಳಿದೇ ಇರುವುದಿಲ್ಲ. ಮಾತ್ರೆಯ ಹೆಸರಿನ ಕೊನೆಯಲ್ಲಿ ‘ಎಚ್’ ಎಂಬ ಅಕ್ಷರವಿದ್ದರೆ ಅನೇಕ ವೇಳೆ ಅದು ಇದರ ಗುರುತು. ಸಂದೇಹವಿದ್ದರೆ ಮಾತ್ರೆಯ ಹಾಳೆಯನ್ನು ಔಷಧದಂಗಡಿಯಲ್ಲಿ ತೋರಿಸಿ ಕೇಳಬೇಕು.

ಹಾಗಾದರೆ ಆ ದಿನ ಬೆಳಗಿನ ಮಾತ್ರೆಯನ್ನು ತಾವಾಗಿಯೇ ಬಿಟ್ಟುಬಿಡಬಹುದೇ? ಬಿಡಬಾರದು. ಬಿಡಿಸುವುದೋ, ಪ್ರಮಾಣವನ್ನು ತಗ್ಗಿಸುವುದೋ, ಬೇರೆ ಮಾತ್ರೆ ಕೊಡುವುದೋ, ನಿರ್ಜಲ ಉಪವಾಸವೇ ಬೇಡವೆನ್ನುವುದೋ ವೈದ್ಯರ ನಿರ್ಣಯ. ಎಲ್ಲ ಮಾತ್ರೆಗಳೂ ಒಂದೇ ಬಗೆಯವಲ್ಲ. ಆಮ್ಲೋಡಿಪಿನ್ ದೇಹದಲ್ಲಿ ನಿಧಾನವಾಗಿ ಕರಗುವಂಥದು. ಒಂದು ದಿನ ತಪ್ಪಿದರೆ ಒತ್ತಡ ಒಮ್ಮೆಲೇ ಏರುವುದಿಲ್ಲ. ಕ್ಲೋನಿಡಿನ್ ಹಾಗಲ್ಲ, ಥಟ್ಟನೆ ನಿಲ್ಲಿಸಿದರೆ ಒಂದೆರಡು ದಿನಗಳಲ್ಲಿಯೇ ಒತ್ತಡ ಮೊದಲಿಗಿಂತಲೂ ಮೇಲಕ್ಕೆ ನೆಗೆದು ಪ್ರಾಣಾಪಾಯ ತರಬಲ್ಲುದು. ಅಟೆನೋಲಾಲ್, ಮೆಟೊಪ್ರೊಲಾಲ್‌ಗಳನ್ನು ಹಠಾತ್ತಾಗಿ ಬಿಟ್ಟರೆ ಹೃದ್ರೋಗವುಳ್ಳವರಿಗೆ ಎದೆನೋವು ಮರುಕಳಿಸಬಹುದು, ಹೃದಯಾಘಾತವೂ ಆಗಬಹುದು. ಒಬ್ಬರು ಬಿಟ್ಟು ಕ್ಷೇಮವಾಗಿದ್ದರೆಂಬುದು ಇನ್ನೊಬ್ಬರಿಗೆ ಪ್ರಮಾಣವಾಗಲಾರದು. ತಪ್ಪಿದ ಮಾತ್ರೆಯನ್ನು ಮರುದಿನದ್ದರೊಡನೆ ಸೇರಿಸಿ ಎರಡಾಗಿ ನುಂಗುವುದಂತೂ ಎಂದಿಗೂ ಕೂಡದು.

ಈ ಶ್ರಾವಿಕೆ ಪರ್ವಕ್ಕೆ ಎರಡು ಮೂರು ವಾರ ಮೊದಲೇ ತಮ್ಮ ಮಾತ್ರೆಗಳನ್ನೆಲ್ಲ ಚೀಲದಲ್ಲಿಟ್ಟುಕೊಂಡು ವೈದ್ಯರಲ್ಲಿಗೆ ಹೋಗಬೇಕು. ‘ಉಪವಾಸ ಮಾಡುತ್ತೇನೆ’ ಎಂದಷ್ಟೇ ಹೇಳಿದರೆ ವೈದ್ಯರು ಹಣ್ಣು ಹಾಲು ತೆಗೆದುಕೊಳ್ಳುವ ಉಪವಾಸವೆಂದು ಭಾವಿಸಿಯಾರು. ಇಷ್ಟು ದಿನ, ದಿನಕ್ಕೊಂದೇ ಊಟ, ಇಂಥ ಹೊತ್ತಿಗೆ. ಇಂಥ ದಿನ ನೀರೂ ಇಲ್ಲ, ಇಷ್ಟು ಗಂಟೆಗಳ ಕಾಲ. ಎಂದು ಬಿಡಿಸಿ ಹೇಳಬೇಕು. ಸಕ್ಕರೆ ಕಾಯಿಲೆ, ಮೂತ್ರಪಿಂಡದ ತೊಂದರೆ, ಹಿಂದೆ ಪಾರ್ಶ್ವವಾಯು ಅಥವಾ ಹೃದಯಾಘಾತ ಆಗಿದ್ದವರಿಗೆ ವೈದ್ಯರು ನಿರ್ಜಲ ಉಪವಾಸ ಬೇಡವೆಂದರೆ ಅದನ್ನು ಒಪ್ಪಿ, ಆ ದಿನವೂ ಏಕಭುಕ್ತವನ್ನೋ ನೀರುಳ್ಳ ಉಪವಾಸವನ್ನೋ ಸಂಕಲ್ಪಿಸಬೇಕು. ಸಂಕಲ್ಪದಲ್ಲಿಯೇ ‘ಔಷಧ ಮತ್ತು ಅದಕ್ಕೆ ಬೇಕಾದ ಪ್ರಾಸುಕ ಜಲದ ಹೊರತು’ ಎಂದು ಸೇರಿಸಿಕೊಂಡರೆ ಮಾತ್ರೆ ನುಂಗಿದುದು ವ್ರತಭಂಗವಾಗುವುದಿಲ್ಲ. ಬಿಡದ ವಸ್ತುವನ್ನು ಸೇವಿಸಿದರೆ ಭಂಗವೆಲ್ಲಿಂದ ಬಂದೀತು? ಮಾತ್ರೆಯನ್ನು ಒಂದು ಲೋಟ ನೀರಿನೊಡನೆಯೇ ನುಂಗಬೇಕು. ಒಣಗಂಟಲಿನಲ್ಲಿ ನುಂಗಿದ ಮಾತ್ರೆ ಅನ್ನನಾಳದಲ್ಲಿ ಅಂಟಿಕೊಂಡು ಹುಣ್ಣು ಮಾಡುವುದುಂಟು.

ರಾತ್ರಿಯ ಮಾತ್ರೆಯ ವಿಷಯದಲ್ಲಿ ಸಂತೋಷದ ಸಂಗತಿಯೊಂದಿದೆ. ರಕ್ತದೊತ್ತಡದ ಮಾತ್ರೆಯನ್ನು ರಾತ್ರಿ ಸೇವಿಸಿದರೆ ಹೆಚ್ಚು ಗುಣವೆಂಬ ಅಭಿಪ್ರಾಯ ಕೆಲವು ಕಾಲ ಪ್ರಚಾರದಲ್ಲಿತ್ತು. ಬ್ರಿಟನ್ನಿನ ಡಂಡೀ ವಿಶ್ವವಿದ್ಯಾಲಯದವರು ೨೧,೧೦೪ ರೋಗಿಗಳ ಮೇಲೆ ನಡೆಸಿ ೨೦೨೨ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬೆಳಗ್ಗೆ ತೆಗೆದುಕೊಂಡವರಿಗೂ ಸಂಜೆ ತೆಗೆದುಕೊಂಡವರಿಗೂ ಹೃದಯಾಘಾತ, ಪಾರ್ಶ್ವವಾಯು, ಮರಣಗಳಲ್ಲಿ ಗಣನೀಯ ವ್ಯತ್ಯಾಸ ಕಂಡುಬರಲಿಲ್ಲ. ಆದುದರಿಂದ ರಾತ್ರಿಭೋಜನತ್ಯಾಗಿಗಳು ವೈದ್ಯರಿಗೆ ತಮ್ಮ ನಿಯಮವನ್ನು ತಿಳಿಸಿ, ದಿನಕ್ಕೊಮ್ಮೆಯ ಮಾತ್ರೆಯನ್ನು ಹಗಲಿನ ಹೊತ್ತಿಗೆ ಬದಲಾಯಿಸಿಕೊಡಬಹುದೇ ಎಂದು ಕೇಳುವುದರಲ್ಲಿ ಸಂಕೋಚವೇನೂ ಬೇಡ. ಹೊತ್ತು ಯಾವುದಾದರೂ ಸರಿ, ನಿತ್ಯವೂ ಒಂದೇ ಆಗಿರಬೇಕು.

ವ್ರತದ ದಿನವೂ ಪಾರಣೆಯೂ

ಮನೆಯಲ್ಲಿ ಒತ್ತಡ ಅಳೆಯುವ ಯಂತ್ರವಿದ್ದರೆ ವ್ರತದ ದಿನ ಬೆಳಗ್ಗೆ ಸಂಜೆ ನೋಡುವುದು ಒಳ್ಳೆಯದು. ಐದು ನಿಮಿಷ ಬೆನ್ನಿಗೆ ಆಸರೆ ಕೊಟ್ಟು ಮಾತಿಲ್ಲದೆ ಕುಳಿತು, ತೋಳನ್ನು ಎದೆಯ ಮಟ್ಟದಲ್ಲಿರಿಸಿ ಎರಡು ಸಲ ಅಳೆದು ಬರೆದಿಡಬೇಕು. ದೀರ್ಘಕಾಲ ಕಾಯೋತ್ಸರ್ಗದಲ್ಲಿ ನಿಲ್ಲುವವರು, ಅಭಿಷೇಕಕ್ಕೆ ಕುಳಿತು ಥಟ್ಟನೆ ಏಳುವವರು ಎಚ್ಚರಿಕೆಯಿಂದಿರಬೇಕು; ತಲೆ ತಿರುಗಿದರೆ ಅಲ್ಲಿಯೇ ಕುಳಿತುಕೊಳ್ಳಬೇಕು, ಮಲಗಿದರೆ ಇನ್ನೂ ಉತ್ತಮ. ಎದೆನೋವು, ಉಸಿರು ಕಟ್ಟುವಿಕೆ, ಮುಖ ಓರೆಯಾಗುವುದು, ಒಂದು ಕೈ ಅಥವಾ ಕಾಲು ಸೋಲುವುದು, ಮಾತು ತೊದಲುವುದು, ದೃಷ್ಟಿ ಮಂಜಾಗುವಂತಹ ವಿಪರೀತ ತಲೆನೋವು, ಪ್ರಜ್ಞೆ ತಪ್ಪುವುದು, ಇವುಗಳಲ್ಲಿ ಒಂದು ಕಂಡರೂ ವ್ರತದ ಚರ್ಚೆಯನ್ನು ಬದಿಗಿಟ್ಟು ೧೦೮ಕ್ಕೆ ಕರೆಮಾಡಿ ಆಸ್ಪತ್ರೆಗೆ ಒಯ್ಯಬೇಕು. ‘ಪಾರಣೆಗೆ ಇನ್ನೆರಡು ಗಂಟೆ ಮಾತ್ರವಿದೆ’ ಎಂದು ಕಾಯುವುದು ದಯೆಯಲ್ಲ. ಪಾರ್ಶ್ವವಾಯುವಿಗೆ ಮದ್ದು ಕೆಲಸ ಮಾಡುವುದು ಮೊದಲ ಕೆಲವೇ ಗಂಟೆಗಳಲ್ಲಿ.

ಪಾರಣೆಯಲ್ಲಿ ಮೊದಲು ನೀರು, ಆಮೇಲೆ ಗಂಜಿಯಂತಹ ಹಗುರವಾದ ಆಹಾರ. ಹಸಿವೆಯ ಬಾಯಿಗೆ ರುಚಿಯೆಂದು ಹಪ್ಪಳ, ಸಂಡಿಗೆಗಳನ್ನು ಮುಂದಿಡುವುದು ಬೇಡ. ಅವು ಉಪ್ಪಿನ ಗಣಿಗಳು. ವಯಸ್ಕರಿಗೆ ದಿನಕ್ಕೆ ೫ ಗ್ರಾಮಿಗಿಂತ ಕಡಿಮೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ, ಎಂದರೆ ಒಂದು ಸಣ್ಣ ಚಮಚ. ಮಂಡ್ಯ ಸೀಮೆಯ ಮುದ್ದೆ ಉಪ್ಸಾರಿನ ಊಟದಲ್ಲಿ, ಈರುಳ್ಳಿ ಬೆಳ್ಳುಳ್ಳಿಯಿಲ್ಲದೆ ಜೈನರು ಮಾಡಿಕೊಂಡರೂ, ಉಪ್ಪು ಇದಕ್ಕಿಂತ ಬೇಗನೆ ಮೀರುತ್ತದೆ. ರಸಪರಿತ್ಯಾಗದಲ್ಲಿ ಉಪ್ಪನ್ನು ಬಿಡುವ ಪದ್ಧತಿ ನಮ್ಮಲ್ಲಿ ಮೊದಲಿನಿಂದಲೂ ಇದೆ. ರಕ್ತದೊತ್ತಡವುಳ್ಳ ಗೃಹಸ್ಥರು ನೀರನ್ನು ಬಿಡುವ ಬದಲು ಈ ತಪಸ್ಸನ್ನು ವರ್ಷವಿಡೀ ಅಳತೆಯರಿತು ಪಾಲಿಸಬಹುದು. ಮೂತ್ರವರ್ಧಕ ಸೇವಿಸುವವರು ಉಪ್ಪನ್ನು ಪೂರ್ತಿಯಾಗಿ ಬಿಡುವುದಾದರೆ ಮಾತ್ರ ವೈದ್ಯರಿಗೆ ತಿಳಿಸಿಯೇ ಬಿಡಬೇಕು. ಅಂಗಡಿಯಲ್ಲಿ ದೊರೆಯುವ ‘ಕಡಿಮೆ ಸೋಡಿಯಂ’ ಉಪ್ಪಿನಲ್ಲಿ ಪೊಟ್ಯಾಸಿಯಂ ಇರುತ್ತದೆ. ಟೆಲ್ಮಿಸಾರ್ಟಾನ್ ಗುಂಪಿನ ಮಾತ್ರೆ ತೆಗೆದುಕೊಳ್ಳುವವರೂ ಮೂತ್ರಪಿಂಡದ ರೋಗಿಗಳೂ ಅದನ್ನು ಕೇಳದೆ ಬಳಸಬಾರದು.

ಮನೆಮದ್ದಿನಲ್ಲಿಯೂ ವಿವೇಕ ಬೇಕು. ಕೆಮ್ಮಿನ ಕಷಾಯಕ್ಕೆ ಹಾಕುವ ಅತಿಮಧುರವನ್ನು ದಿನಗಟ್ಟಲೆ ಸೇವಿಸಿದರೆ ಅದು ರಕ್ತದೊತ್ತಡವನ್ನು ಏರಿಸುತ್ತದೆ. ಚಕ್ಕೋತ ಹಣ್ಣು ನಿಫೆಡಿಪಿನ್ ಮುಂತಾದ ಕೆಲವು ಮಾತ್ರೆಗಳ ಪ್ರಭಾವವನ್ನು ಹೆಚ್ಚಿಸಬಹುದು. ಉಪವಾಸದ ತಲೆನೋವಿಗೆಂದು ಡೈಕ್ಲೊಫೆನಾಕ್, ಐಬುಪ್ರೊಫೆನ್ ನುಂಗುವುದು, ಅದರಲ್ಲಿಯೂ ಮೂತ್ರವರ್ಧಕದೊಡನೆ, ಮೂತ್ರಪಿಂಡಕ್ಕೆ ದೊಡ್ಡ ಪೆಟ್ಟು. ಸರ್ಪಗಂಧಿಯ ಬೇರು ಒತ್ತಡವನ್ನು ಇಳಿಸುವುದು ನಿಜ. ಮುಂಬಯಿಯ ವೈದ್ಯ ರುಸ್ತುಂ ಜಾಲ್ ವಕೀಲರು ೧೯೪೯ರಲ್ಲಿ ಬರೆದ ಲೇಖನದಿಂದ ಪಾಶ್ಚಾತ್ಯ ವೈದ್ಯರೂ ಅದನ್ನು ಗಮನಿಸಿದರು. ಆದರೆ ಅದರ ಪುಡಿಯನ್ನು ಮಾತ್ರೆಗಳ ಜೊತೆಗೆ ಗುಟ್ಟಾಗಿ ಸೇವಿಸಿದರೆ ಒತ್ತಡ ಅತಿಯಾಗಿ ಇಳಿಯಬಹುದು, ಮನಸ್ಸಿಗೆ ಖಿನ್ನತೆಯೂ ಕವಿಯಬಹುದು.

ಔಷಧದ ಶುದ್ಧಿ

ಮಾತ್ರೆಯಲ್ಲಿ ಪ್ರಾಣಿಜನ್ಯ ವಸ್ತುವಿದ್ದೀತೆಂಬ ಶಂಕೆಯಿಂದ ಔಷಧವನ್ನೇ ಬಿಟ್ಟವರಿದ್ದಾರೆ. ಶಂಕೆ ತಪ್ಪಲ್ಲ, ವಿಚಾರಿಸದೆ ಬಿಡುವುದು ತಪ್ಪು. ಉಗ್ರಾದಿತ್ಯಾಚಾರ್ಯರು ೯ನೆಯ ಶತಮಾನದಲ್ಲಿ ಕಲ್ಯಾಣಕಾರಕವನ್ನು ರಚಿಸಿ, ಮಾಂಸವನ್ನು ಔಷಧವೆನ್ನುವವರ ವಾದವನ್ನು ಖಂಡಿಸಿದರು; ೧೨ನೆಯ ಶತಮಾನದ ಜಗದ್ದಳ ಸೋಮನಾಥನು ಮದ್ಯ ಮಾಂಸ ಮಧುಗಳಿಲ್ಲದ ಚಿಕಿತ್ಸೆಯನ್ನು ಕನ್ನಡದಲ್ಲಿಯೇ ಬರೆದನು. ಹೇಯವಾದುದನ್ನು ಕಳೆದು ಔಷಧವನ್ನು ಉಳಿಸಿಕೊಂಡ ಪರಂಪರೆ ಇದು. ಇಂದು ಮುಖ್ಯವಾಗಿ ನೋಡಬೇಕಾದದ್ದು ಕ್ಯಾಪ್ಸೂಲ್‌ಗಳ ಹೊದಿಕೆ. ಅದು ಸಾಮಾನ್ಯವಾಗಿ ಪ್ರಾಣಿಗಳ ಚರ್ಮ ಮೂಳೆಗಳಿಂದ ತೆಗೆದ ಜೆಲಾಟಿನ್ನಿನದು. ರಾಮಿಪ್ರಿಲ್‌ನಂತಹವು ಕ್ಯಾಪ್ಸೂಲಾಗಿಯೂ ಮಾತ್ರೆಯಾಗಿಯೂ ಸಿಗುತ್ತವೆ. ಮಾತ್ರೆಯನ್ನೇ ಬರೆದುಕೊಡಿರೆಂದು ಕೇಳಿದರೆ ವೈದ್ಯರು ಬರೆದುಕೊಡುತ್ತಾರೆ. ಬ್ರೆಜಿಲ್ ದೇಶದ ಒಂದು ವಿಷಸರ್ಪದ ವಿಷವನ್ನು ಪರೀಕ್ಷಿಸಿದ ಅರಿವಿನಿಂದ ಕ್ಯಾಪ್ಟೋಪ್ರಿಲ್ ಎಂಬ ಔಷಧ ಹುಟ್ಟಿದುದು ನಿಜವಾದರೂ, ಈ ಗುಂಪಿನ ಔಷಧಗಳು ರಸಾಯನಶಾಲೆಯಲ್ಲಿ ತಯಾರಾಗುವಂಥವು. ಅವುಗಳಿಗಾಗಿ ಹಾವನ್ನು ಹಿಂಸಿಸುವುದಿಲ್ಲ.

ಮುನಿಗಳಿಗೆ ಔಷಧದಾನ

ಆಹಾರ, ಔಷಧ, ಶಾಸ್ತ್ರ, ಅಭಯಗಳೆಂಬ ನಾಲ್ಕು ದಾನಗಳಲ್ಲಿ ಎರಡನೆಯದನ್ನು ಮಾಡುವ ಮನೆಯವರಿಗೆ ಈ ತಿಳಿವು ಇನ್ನೂ ಹೆಚ್ಚು ಬೇಕು. ದಿಗಂಬರ ಮುನಿಗಳೂ ಆರ್ಯಿಕೆಯರೂ ಆಹಾರವನ್ನೂ ನೀರನ್ನೂ ದಿನಕ್ಕೊಮ್ಮೆ ಮಾತ್ರ ಸ್ವೀಕರಿಸುವುದರಿಂದ ಔಷಧವೂ ಅದೇ ಹೊತ್ತಿಗೆ ಸಲ್ಲಬೇಕು. ದಿನಕ್ಕೆ ಎರಡು ಮೂರು ಸಲ ಕೊಡಬೇಕಾದ ಮಾತ್ರೆ ಅವರಿಗೆ ಒದಗದು. ಸಂಘದ ಜೊತೆಗಿರುವ ಶ್ರಾವಕರು ವೈದ್ಯರಿಗೆ ಇದನ್ನು ಮೊದಲೇ ತಿಳಿಸಿದರೆ, ಆಮ್ಲೋಡಿಪಿನ್, ಟೆಲ್ಮಿಸಾರ್ಟಾನ್‌ಗಳಂತೆ ಒಂದು ಸಲಕ್ಕೇ ದಿನವಿಡೀ ಕೆಲಸ ಮಾಡುವುದನ್ನು ಆರಿಸಿಕೊಡುತ್ತಾರೆ. ಮೂತ್ರವರ್ಧಕವನ್ನು ಕೊಡಬೇಕೇ ಎಂಬುದನ್ನು, ದಿನದಲ್ಲಿ ಒಮ್ಮೆ ಮಾತ್ರ ನೀರು ಕುಡಿಯುವವರೆಂಬ ಅರಿವಿನಿಂದ ಅವರೇ ನಿರ್ಣಯಿಸಬೇಕು.

ಮಾತ್ರೆಯನ್ನು ಪುಡಿಮಾಡಿ ತುತ್ತಿನಲ್ಲಿ ಬೆರೆಸಿ ಕೊಡುವ ರೂಢಿ ಕೆಲವೆಡೆ ಇದೆ. ಎಲ್ಲ ಮಾತ್ರೆಗಳನ್ನೂ ಪುಡಿಮಾಡಲಾಗದು. ನಿಧಾನವಾಗಿ ಬಿಡುಗಡೆಯಾಗುವಂತೆ ತಯಾರಿಸಿದ ನಿಫೆಡಿಪಿನ್, ಮೆಟೊಪ್ರೊಲಾಲ್ ಮಾತ್ರೆಗಳನ್ನು ಪುಡಿಮಾಡಿದರೆ ದಿನವಿಡೀ ಇಳಿಯಬೇಕಾದ ಔಷಧವೆಲ್ಲ ಒಮ್ಮೆಗೇ ದೇಹಕ್ಕೆ ಸೇರಿ ಒತ್ತಡ ಪಾತಾಳಕ್ಕಿಳಿಯಬಹುದು. ಹೆಸರಿನ ಮುಂದೆ ‘ಎಸ್‌ಆರ್’, ‘ಎಕ್ಸ್‌ಎಲ್’, ‘ಇಆರ್’, ‘ರಿಟಾರ್ಡ್’ ಎಂದಿದ್ದರೆ ಪುಡಿಮಾಡುವ ಮುನ್ನ ಔಷಧದಂಗಡಿಯವರನ್ನೋ ವೈದ್ಯರನ್ನೋ ಕೇಳಬೇಕು. ಅಂತರಾಯ ಬಂದರೆ ಆ ದಿನದ ಆಹಾರ ಅಲ್ಲಿಗೇ ನಿಲ್ಲುವುದರಿಂದ ಕೊನೆಯಲ್ಲಿ ಕೊಡಲೆಂದು ಇಟ್ಟುಕೊಂಡ ಔಷಧವೂ ತಪ್ಪಿಹೋಗುತ್ತದೆ. ಆದುದರಿಂದ ವೈದ್ಯರ ಅಡ್ಡಿಯಿಲ್ಲದಿದ್ದರೆ ಮೊದಲ ಕೆಲವು ತುತ್ತುಗಳಲ್ಲಿಯೇ, ಸಾಕಷ್ಟು ಪ್ರಾಸುಕ ಜಲದೊಡನೆ, ಔಷಧವನ್ನು ಅರ್ಪಿಸುವುದು ಲೇಸು. ವಿಹಾರದಲ್ಲಿ ಊರಿಂದೂರಿಗೆ ಚೌಕದ ಹೊಣೆ ಬದಲಾಗುವಾಗ ಮಾತ್ರೆಯ ಹೆಸರು, ಪ್ರಮಾಣ, ಕೊನೆಯ ಸಲ ಕೊಟ್ಟ ದಿನ, ಕೊನೆಯ ಸಲ ಅಳೆದ ಒತ್ತಡ, ಇಷ್ಟನ್ನು ಒಂದು ಚೀಟಿಯಲ್ಲಿ ಕನ್ನಡದಲ್ಲಿ ಬರೆದು ಮುಂದಿನ ಊರಿನವರ ಕೈಗೆ ಕೊಡಬೇಕು.